ಬನ್ನಿ ಮುಟ್ಟದ ಅತ್ತೆ

ನಮ್ಮ ಸೋದರತ್ತೆಗೆ ಮನುಷ್ಯರನ್ನು ಕಂಡರಾಗದು ಎಂದು ಊರವರು ಹೇಳುತ್ತಾರೆ. ಶುದ್ಧ ಸುಳ್ಳು! ಕೈಯಲ್ಲಿ ಕೊಡಲಿ ಇಲ್ಲದ ಮನುಷ್ಯರನ್ನು ಆಕೆ ಸಹಿಸಿಕೊಳ್ಳುತ್ತಾಳೆ. ಒಂದರ್ಧ ಗಂಟೆ.

ಆಕೆಯ ಮನೆ ನಾಗಲಗಿದ್ದ ಊರಿನ ಆಚೆ, ಅಡವಿಯ ಅಂಚಿನಲ್ಲಿದೆ. ನಮ್ಮ ಅಜ್ಜನ ಅಜ್ಜನೂ ಅದನ್ನು 'ಹಳೇ ಅಡವಿ' ಎಂದೇ ಕರೆಯುತ್ತಿದ್ದನಂತೆ. ಅಂದರೆ ಎಷ್ಟು ಹಳೆಯದು, ನೀವೇ ಲೆಕ್ಕ ಹಾಕಿ! ತೋಳಿನ ತೆಕ್ಕೆಗೆ ಸಿಗದ ಬನ್ನಿ ಮರಗಳು, ಇಪ್ಪೆ, ಬೇವು, ನವಿಲು, ನರಿ, ಮುಂಗುಸಿ, ಪೊಟರೆಗಳಲ್ಲಿ ಗೂಬೆ. ಊರವರು ಗೂಬೆ ಕಂಡರೆ ಕಲ್ಲೆತ್ತುತ್ತಾರೆ. ಅತ್ತೆ ಮಾತ್ರ ಅವು ತನ್ನ ಬೀಗರು ಎನ್ನುತ್ತಾಳೆ. ಸ್ವಂತ ಬೀಗರ ಜೊತೆ ಆಕೆಗೆ ಮಾತಿಲ್ಲ, ಅದು ಬೇರೆ ವಿಷಯ.

ಒಮ್ಮೆ ಗುತ್ತಿಗೆದಾರನೊಬ್ಬ ಜೆಸಿಬಿ ತಂದ. ಅಡವಿಯನ್ನು ಕಿತ್ತು ಸಾಲಾಗಿ ಸಸಿ ನೆಡುತ್ತಾನಂತೆ! ಅಡವಿ ಕಡಿದು ಅಡವಿ ಬೆಳೆಸುವ ಈ ಜಾಣತನ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅತ್ತೆ ಯಂತ್ರದ ಮುಂದೆ ಹೋಗಿ ರೊಟ್ಟಿಯ ಗಂಟು ಬಿಚ್ಚಿ ಕೂತಳು.

"ಅವ್ವಾ, ಏಳ್ರಿ. ಹಸಿರು ಮಾಡಾಕ ಬಂದೀವಿ."

"ತಲಿ ಬೋಳಿಸಿ ಟೋಪನ್ ಇಡಾಕ ಬಂದೀನಿ ಅನ್ನು! ಮೊದಲ ನಿನ್ನ ತಲಿ ತಾ, ಬೋಳಿಸಿ ನೋಡೂಣು."

ಗುತ್ತಿಗೆದಾರನ ತಲೆಯಲ್ಲಿ ಬೋಳಿಸಲು ಏನೂ ಉಳಿದಿರಲಿಲ್ಲ. ಡ್ರೈವರ್ ಕಿಸಕ್ಕೆಂದ. ಅತ್ತೆ ಮೂರು ದಿನ ಅಲ್ಲೇ ಉಂಡಳು, ನಾಲ್ಕನೆಯ ದಿನ ಯಂತ್ರ ವಾಪಸ್ ಹೋಯಿತು.

ಆದರೆ ನಿಜವಾದ ಯುದ್ಧ ದಸರೆಯದು. ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲಿಗೆರಗುವುದು ನಮ್ಮ ಕಡೆಯ ಪದ್ಧತಿ. ಹಳೆಯ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ಅದಕ್ಕೆ ಒಂದು ಹಿಡಿ ಎಲೆ ಸಾಕು. ಜನಕ್ಕೆ ಟೊಂಗೆಯೇ ಬೇಕು! ಬೈಕಿಗೆ ಕಟ್ಟಿ ಮೆರೆಸಬೇಕು, ಫೋಟೋ ತೆಗೆಯಬೇಕು, ಮರುದಿನ ಗಟಾರಕ್ಕೆಸೆಯಬೇಕು. ಇದು ಭಕ್ತಿಯೇ? ಕಳ್ಳತನ! ಅತ್ತೆ ಅಡವಿಯ ದಾರಿಗೆ ಅಡ್ಡಲಾಗಿ ಹೊರಸು ಮಂಚ ಹಾಕಿ ಕೂತು, ಬಂದವರ ಕುಡಗೋಲು ಕಸಿದು ಅದರಡಿಗೆ ತಳ್ಳುತ್ತಿದ್ದಳು.

"ದೀಪಾವಳಿ ಆದ್ಮ್ಯಾಲ ಬಾ, ಕೊಡ್ತೀನಿ!"

ಇಷ್ಟು ಸಿಟ್ಟಾಗುವ ನಾನೇನು ಸಾಚಾ? ಜಹೀರಾಬಾದಿನಲ್ಲಿ ಮಾಸ್ತರನಾದ ಹೊಸತರಲ್ಲಿ, ಅತ್ತೆಗೆ ಭರ್ಜರಿ ಬನ್ನಿ ಕೊಡಬೇಕೆಂದು ಅಡವಿಯ ಹಿಂಬದಿಯಿಂದ ನುಗ್ಗಿ, ದೊಡ್ಡ ಟೊಂಗೆಯೊಂದನ್ನು ಕಡಿದು ಹೊತ್ತು ತಂದು ಆಕೆಯ ಕಾಲಿಗೇ ಬಿದ್ದೆ! ಟೊಂಗೆಯಲ್ಲಿ ಬೆಳವನ ಹಕ್ಕಿಯ ಗೂಡಿತ್ತು. ಒಳಗೆ ಎರಡು ಮರಿಗಳು ಸತ್ತಿದ್ದವು.

ಅತ್ತೆ ಗೂಡನ್ನು ನೋಡಿದಳು, ನನ್ನನ್ನು ನೋಡಿದಳು. "ಸಾಲಿ ಕಲ್ತಾವ ನೀ. ಹೊರಗ ನಡಿ."

ಅಂದಿನಿಂದ ಆಕೆ ಯಾರ ಬನ್ನಿಯನ್ನೂ ಮುಟ್ಟಲಿಲ್ಲ. ನನ್ನೊಂದಿಗೆ ಮಾತೂ ಬಿಟ್ಟಳು. ಹನ್ನೊಂದು ವರ್ಷ.

ಈ ಸಲ ದಸರೆಯ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದಳು. ಸುದ್ದಿ ನನಗೂ ತಲುಪಿತು, ಊರಿಗೂ ತಲುಪಿತು. ಇನ್ನು ತಡೆಯುವವರಿಲ್ಲ ಎಂದು ಜನ ಕುಡಗೋಲು ಮಸೆಯುತ್ತಿದ್ದರು! ನಾಚಿಕೆ ಬೇಡವೇ? ನಾನು ನಸುಕಿನಲ್ಲೇ ಹೋಗಿ ಅಡವಿಯ ದಾರಿಯಲ್ಲಿ ಕೂತೆ. ಎಂತೆಂಥ ಬೈಗುಳ ಬೈದೆ! ಕನ್ನಡ ತೀರಿತು, ತೆಲುಗಿಗೆ ಇಳಿದೆ. ತೆಲುಗೂ ತೀರಿತು, ಉರ್ದು ಹಿಡಿದೆ.

"ಮಾಸ್ತರಗ ದಿಮಾಗ್ ಕೆಟ್ಟದ್ರೆಪಾ," ಎಂದರು.

ಕೆಟ್ಟಿತ್ತು, ಹೌದು! ಹಿಡಿ ಎಲೆ ಕೇಳಿದವರಿಗೆ ಕೈಯಿಂದ ಕಿತ್ತುಕೊಳ್ಳಲು ಬಿಟ್ಟೆ. ಟೊಂಗೆ ಒಂದೂ ಹೊರಗೆ ಹೋಗಲಿಲ್ಲ.

ಸಂಜೆ ಅತ್ತೆಯ ಬಾಗಿಲಲ್ಲಿ ನಿಂತೆ. ನನ್ನ ಕೈಯಲ್ಲಿ ಒಂದು ಎಲೆಯೂ ಇರಲಿಲ್ಲ, ತರಲು ಧೈರ್ಯವಾಗಿರಲಿಲ್ಲ.

"ಅತ್ತೀ, ಒಂದ್ ಟೊಂಗಿನೂ ಹೋಗಿಲ್ರಿ," ಎಂದೆ. ಗಂಟಲಿನಿಂದ ಬರೀ ಗಾಳಿ ಬಂತು.

"ದನಿ ಎಲ್ಲಿ ಹೋತೋ?"

"ಬೈದು ಬೈದು ಹೋತ್ರಿ."

"ಎಲ್ಲಾರ್ಗೂ ಬೈದಿ?"

"ಯಾರ್ನೂ ಬಿಟ್ಟಿಲ್ರಿ."

ಹತ್ತಿರ ಬರುವಂತೆ ಸನ್ನೆ ಮಾಡಿದಳು. ನನ್ನ ಎರಡೂ ಖಾಲಿ ಕೈಗಳನ್ನು ಹಿಡಿದು, ಬನ್ನಿ ಇಸಿದುಕೊಂಡವರ ಹಾಗೆ ಕಣ್ಣಿಗೊತ್ತಿಕೊಂಡಳು.