ಮಗಳ ಕಿವಿ ವಾಸಿಯಾಗಿದೆ, ದಯವಿಟ್ಟು ಶಾಲೆಗೆ ಬಿಡಿ

ಆಸ್ಪತ್ರೆಯ ಚೀಟಿಗೂ ಶಾಲೆಯ ಹಾಜರಿಗೂ ನಂಟು ಹಾಕಿದ ಮಾನ್ಯ ಕಂಪ್ಯೂಟರ್ ಸಾಹೇಬರೇ,

ತಮಗೂ, ತಮ್ಮ ವೈರುಗಳಿಗೂ, ತಮ್ಮನ್ನು ತಣ್ಣಗಿಡುವ ಫ್ಯಾನಿಗೂ ಬಸ್ ಸೀಟು ಹೊಲಿಯುವವನ ನಮಸ್ಕಾರಗಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾತು ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ತಮ್ಮ ಉಪಕಾರ ಹೇಳಿಬಿಡುತ್ತೇನೆ. ಮಗಳು ಕರೆದರೆ ತಿರುಗಿ ನೋಡದಿದ್ದಾಗ ನಾವು ಜಂಬ ಎಂದುಕೊಂಡೆವು, ಟೀಚರು ಸೋಮಾರಿತನ ಎಂದುಕೊಂಡರು. ಆಸ್ಪತ್ರೆಯವರು ಬರೆದಿದ್ದ ಕಿವಿ ಸೋರುವ ವಿಷಯವನ್ನೂ ಶಾಲೆಯಲ್ಲಿ ಇಳಿದ ಮಾರ್ಕನ್ನೂ ಪಕ್ಕಪಕ್ಕ ಇಟ್ಟು, ಈ ಮಗುವಿಗೆ ಪಾಠವೇ ಕೇಳಿಸುತ್ತಿಲ್ಲ ಎಂದು ಕಂಡುಹಿಡಿದವರು ತಾವು. ಔಷಧಿಯಾಯಿತು, ವಾಸಿಯಾಯಿತು, ಈಗ ನಾನು ಕಳ್ಳತನದಿಂದ ಸಕ್ಕರೆ ಡಬ್ಬ ತೆಗೆದರೂ ಅವಳಿಗೆ ಬೀದಿಯಲ್ಲಿ ಕೇಳುತ್ತದೆ.

ಇಷ್ಟಕ್ಕೇ ನಿಲ್ಲಿಸುವ ಸಣ್ಣತನ ತಮ್ಮದಲ್ಲ. ಇನ್ನೊಮ್ಮೆ ತೋರಿಸಿ ಎಂದು ಮೆಸೇಜು ಕಳಿಸಿದಿರಿ, ಅದೂ ಸರಿಯಾಗಿ ಲೆಕ್ಕದ ಪಾಠದ ಹೊತ್ತಿಗೆ. ಹೋದೆವು, ಶಾಲೆಯಲ್ಲಿ ಗೈರುಹಾಜರಿ ಬಿತ್ತು. ಕಿವಿ ನೋವಿದ್ದ ಮಗು ಶಾಲೆ ತಪ್ಪಿಸಿದೆ ಎಂದರೆ ಮತ್ತೆ ಕಿವಿಯೇ ಇರಬೇಕೆಂದು ತಮ್ಮ ಕರುಳು ಚುರುಕ್ ಎಂದು, ಮತ್ತೊಂದು ತಾರೀಖು ಕೊಟ್ಟಿರಿ. ಅದಕ್ಕೂ ಹೋದೆವು, ಅದಕ್ಕೂ ಗೈರುಹಾಜರಿ, ಅದಕ್ಕೂ ತಾರೀಖು. "ಮತ್ತೆ ಬಂದ್ಯೇನಮ್ಮಾ? ನಿನ್ನ ಕಿವಿ ನನ್ನದಕ್ಕಿಂತ ಚೆನ್ನಾಗಿದೆ" ಎಂದು ಡಾಕ್ಟರಮ್ಮ ನಗುತ್ತಾರೆ. ಹಾಗಾದರೆ ಇನ್ನು ಬರಬೇಡಿ ಎಂದು ಕಂಪ್ಯೂಟರಿನಲ್ಲಿ ಒತ್ತಿಬಿಡಿ ಎಂದರೆ, "ಅದು ನನ್ನ ಕೈಲಿಲ್ಲಪ್ಪಾ, ಮೇಲಿಂದ ಬರುತ್ತೆ" ಎನ್ನುತ್ತಾರೆ. ಹೋಗದೆ ಇದ್ದರೆ ಮಗುವನ್ನು ನೋಡಿಕೊಳ್ಳದ ಅಪ್ಪ ಎಂದು ನನಗೆ ಕೆಂಪು ಗುರುತು ಹಾಕುವ ಮುತುವರ್ಜಿಯೂ ತಮಗಿದೆ.

ಈಗ ತಾವು, ಇವಳು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾಳೆ, ಸೋಮವಾರದಿಂದ ಒಂದು ಕ್ಲಾಸು ಕೆಳಗೆ ಕೂರಿಸಿ ಎಂದು ಶಾಲೆಗೆ ಹೇಳಿದ್ದೀರಂತೆ. "ಅಪ್ಪಾ, ನಂಗೀಗ ಎಲ್ಲಾ ಕೇಳ್ಸುತ್ತೆ. ಆದ್ರೆ ಕ್ಲಾಸಲ್ಲಿ ಇರೋಕೆ ಬಿಡ್ಬೇಕಲ್ವಾ?" ಎಂದಳು ಮಗಳು.

ಆದ್ದರಿಂದ ಕೈಮುಗಿದು ಕೇಳುವುದೇನೆಂದರೆ, ಅವಳನ್ನು ಅವಳ ಕ್ಲಾಸಿನಲ್ಲೇ ಬಿಟ್ಟು, ತಾರೀಖು ಕೊಡಲೇಬೇಕಾದರೆ ಶಾಲೆ ಬಿಟ್ಟ ಮೇಲೆ ಕೊಡಬೇಕು. ಅದು ತಮ್ಮ ಘನತೆಗೆ ಕಡಿಮೆಯೆನಿಸಿದರೆ ಲೆಕ್ಕದ ಟೀಚರನ್ನೂ, ಬೋರ್ಡನ್ನೂ, ಉಳಿದ ಮಕ್ಕಳನ್ನೂ ಕಿವಿ ಡಾಕ್ಟರ ಬಾಗಿಲಲ್ಲಿರುವ ಬೆಂಚಿಗೆ ವರ್ಗ ಮಾಡಬೇಕು. ಆ ಬೆಂಚಿನ ಗಟ್ಟಿತನ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಕುಶನ್ ಪುಕ್ಕಟೆ ಹೊಲಿದುಕೊಡುತ್ತೇನೆ.

ತಮ್ಮ ಅಕ್ಕರೆಯಲ್ಲಿ ಉಸಿರು ಕಟ್ಟಿರುವ,
ತಮ್ಮ ವಿಶ್ವಾಸಿ,
ಆ ಹುಡುಗಿಯ ಅಪ್ಪ

ಮರೆತಿದ್ದು: ಇದನ್ನೆಲ್ಲ ಮೊದಲು ತಮ್ಮ ನಂಬರಿಗೇ ಫೋನು ಮಾಡಿ ಹೇಳಿದ್ದೆ. ಈ ನಂಬರಿನಲ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳಲಾಗುವುದಿಲ್ಲ ಎಂದು ತಾವೇ ಬಾಯಿಬಿಟ್ಟು ಹೇಳಿದಿರಿ. ಎಷ್ಟು ದಿನದಿಂದ ಹೀಗೆ? ಸಂಕೋಚ ಬೇಡ, ಸೋಮವಾರ ಬೆಳಿಗ್ಗೆ ಕಿವಿ ತೋರಿಸಲು ಮಗಳಿಗೆ ಕೊಟ್ಟಿರುವ ತಾರೀಖಿಗೆ ತಾವೇ ಹೋಗಿಬನ್ನಿ. ಡಾಕ್ಟರಮ್ಮ ತುಂಬಾ ಒಳ್ಳೆಯವರು, ನೋವಾಗದಂತೆ ನೋಡುತ್ತಾರೆ.