ಕಸ್ತೂರಿಯ ಬೋಗುಣಿ ಮತ್ತು ನನ್ನ ಆಕ್ರಿಲಿಕ್

ಚಿತ್ರಕಲೆ ನನಗೆ ಹೊಸದೇನಲ್ಲ. ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ನಾನು ಬರೆದ ಆನೆಯನ್ನು ನೋಡಿ ಡ್ರಾಯಿಂಗ್ ಸಿಸ್ಟರ್ "ವಾಟ್ ಅ ಲವ್ಲಿ ಟೀಪಾಟ್!" ಎಂದು ಮೆಚ್ಚಿದ್ದರು. ಅಂಥ ಪ್ರತಿಭೆ ಅರವತ್ತು ವರ್ಷ ಸುಮ್ಮನೆ ಮಲಗಿತ್ತು. ಅದನ್ನು ಎಬ್ಬಿಸಬೇಕೆಂದು ಈ ಚಳಿಗಾಲದಲ್ಲಿ ನಿಶ್ಚಯಿಸಿದೆ.

ಕಾರಣ, ಸಂಜೆ. ಯಜಮಾನರು ಹೋದ ಮೇಲೆ ಗೋಕಾಕದ ಸಂಜೆಗಳು ಬಹಳ ಉದ್ದವಾಗಿವೆ. ಮೊದಲು ಇಷ್ಟು ಇರಲಿಲ್ಲ. ಹೀಗಿರುವಾಗ ಫೋನಿನ ವಿಡಿಯೋದಲ್ಲಿ ಒಬ್ಬಾಕೆ "ಎನಿಬಡಿ ಕ್ಯಾನ್ ಪೇಂಟ್" ಎಂದು ನಗುತ್ತ ಹತ್ತು ನಿಮಿಷದಲ್ಲಿ ಒಂದು ಸರೋವರ ಮಾಡಿಟ್ಟಳು. ನಾನೂ ಹನ್ನೆರಡು ಟ್ಯೂಬು ಆಕ್ರಿಲಿಕ್ ಬಣ್ಣ, ಮೂರು ಬ್ರಶ್ಶು, ಒಂದು ಕ್ಯಾನ್ವಾಸು ತರಿಸಿದೆ. ಏಪ್ರನ್ ಕಟ್ಟಿಕೊಂಡೆ. ಕಲಾವಿದೆಗೆ ಇನ್ನೇನು ಬೇಕು?

ಬಣ್ಣ ಕಲಸಲು ಪಾತ್ರೆ ಬೇಕು!

ಒಬ್ಬಳ ಸಂಸಾರ ನನ್ನದು. ಒಂದು ತಾಟು, ಒಂದು ಕಪ್ಪು, ಒಂದು ಲೋಟ. ಉಳಿದದ್ದೆಲ್ಲ ಟ್ರಂಕಿನಲ್ಲಿದೆ, ಟ್ರಂಕು ಅಟ್ಟದ ಮೇಲಿದೆ, ಅಟ್ಟ ಹತ್ತಲು ನನ್ನ ಮೊಣಕಾಲಿನ ಪರ್ಮಿಶನ್ ಇಲ್ಲ. ಕಟ್ಟೆಯ ಮೇಲೆ ತೊಳೆದಿಟ್ಟದ್ದು ಒಂದೇ ಪಾತ್ರೆ: ಕಸ್ತೂರಿಯ ಸ್ಟೀಲಿನ ಬೋಗುಣಿ.

ಈ ಬೋಗುಣಿಯ ಬಗ್ಗೆ ಸ್ವಲ್ಪ ಹೇಳಬೇಕು. ಕಸ್ತೂರಿ ಬಾಜೂ ಮನೆಯವಳು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಸಂಜೆ ಐದಕ್ಕೆಲ್ಲ ಆಕೆ ಬಿಸಿ ಪಲ್ಯ ತುಂಬಿದ ಬೋಗುಣಿ ಹಿಡಿದು ನನ್ನ ಹೊಸ್ತಿಲಲ್ಲಿ ನಿಲ್ಲುತ್ತಾಳೆ.

"ಬಾಯಾರ, ತಗೋರಿ. ಖಾರ ಭಾಳ ಆಗೇತಿ, ಬೈಬ್ಯಾಡ್ರಿ."

ಆಮೇಲೆ ಹತ್ತು ನಿಮಿಷ ಮಾತು. ಮರುದಿನ ನಾನು ಬೋಗುಣಿ ಮರಳಿಸಲು ಹೋಗುತ್ತೇನೆ. ನಮ್ಮ ಕಡೆ ಪಾತ್ರೆಯನ್ನು ಖಾಲಿ ಮರಳಿಸುವಂತಿಲ್ಲ. ಎರಡು ಬಾಳೆಹಣ್ಣು, ಒಂದು ತುಂಡು ಕರದಂಟು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಅಲ್ಲಿಯೂ ಹತ್ತು ನಿಮಿಷ ಮಾತು. ಒಟ್ಟು ಇಪ್ಪತ್ತು ನಿಮಿಷ. ನನ್ನ ಒಂದು ದಿನದ ಮಾತು ಅಷ್ಟೇ. ಉಳಿದ ಹೊತ್ತು ಕುಕರಿನ ಜೊತೆ ಮಾತಾಡುತ್ತೇನೆ. ಅದಾದರೂ ಸೀಟಿ ಹೊಡೆದು ಉತ್ತರ ಕೊಡುತ್ತದೆ.

"ಐದು ನಿಮಿಷ ಕಲಸಿ ತೊಳೆದಿಟ್ಟರಾಯಿತು" ಎಂದುಕೊಂಡು ಬೋಗುಣಿಯಲ್ಲಿ ನೀಲಿ, ಬಿಳಿ, ಕಂದು ಹಿಂಡಿದೆ. ಬರೆಯಬೇಕಾದದ್ದು ಗೋಕಾಕ ಫಾಲ್ಸ್. ಆದರೆ ಕ್ಯಾನ್ವಾಸಿನ ಮೇಲೆ ನೀರು ಬೀಳಲೊಲ್ಲದು, ಬಂಡೆ ಹತ್ತಿ ಮೇಲಕ್ಕೆ ಹೊರಟಿತು! ಅದನ್ನು ಕೆಳಗಿಳಿಸುವ ಪ್ರಯತ್ನದಲ್ಲಿ ದಣಿದು ಕುರ್ಚಿಯಲ್ಲೇ ನಿದ್ದೆಹೋದೆ. ಎದ್ದಾಗ ಬೋಗುಣಿಯ ತಳದಲ್ಲಿ ಬಣ್ಣವೆಲ್ಲ ಪ್ಲಾಸ್ಟಿಕ್ಕಾಗಿತ್ತು.

ಆಕ್ರಿಲಿಕ್ ಒಣಗಿದರೆ ನೀರಿಗೆ ಬಗ್ಗುವುದಿಲ್ಲ ಎಂದು ವಿಡಿಯೋದಾಕೆ ಎಂಟನೆಯ ನಿಮಿಷದಲ್ಲಿ ಹೇಳಿದ್ದಾಳೆ. ನಾನು ಏಳನೆಯ ನಿಮಿಷಕ್ಕೇ ಏಪ್ರನ್ ಹುಡುಕಲು ಎದ್ದಿದ್ದೆ!

ಹುಣಸೆಹಣ್ಣು ಹಚ್ಚಿದೆ. ಬೂದಿ ಹಚ್ಚಿದೆ. ಚಾಕುವಿನಿಂದ ಕೆರೆದೆ. ಬಣ್ಣದ ಬದಲು ಬೋಗುಣಿಯ ಹೊಳಪು ಹೋಯಿತು. ಕೊನೆಗೆ, ಬಿಸಿ ಮಾಡಿದರೆ ಕರಗೀತು ಎಂಬ ಸೈಂಟಿಫಿಕ್ ವಿಚಾರ ಬಂದು ಗ್ಯಾಸಿನ ಮೇಲಿಟ್ಟೆ. ಮನೆತುಂಬ ಕರಿ ಹೊಗೆ! ಗೋಡೆಯಾಚೆಯಿಂದ ಕಸ್ತೂರಿ ಕೂಗಿದಳು.

"ಬಾಯಾರ! ಏನ ಸುಡಾಕತ್ತೀರಿ?"

"ಬದನಿಕಾಯಿ, ಕಸ್ತೂರಿ!"

"ಇದು ಬದನಿಕಾಯಿ ವಾಸನಿ ಅಲ್ಲರಿ, ಟಾಯರ್ ವಾಸನಿ!"

"ಹೈಬ್ರಿಡ್ ಬದನಿಕಾಯಿ!"

ಸುಳ್ಳು ಹೇಳುವುದು ಪಾಪ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಹೇಳಲೇಬೇಕಾದರೆ ಹೇಗೆ ಹೇಳಬೇಕೆಂದು ಕಲಿಸಿರಲಿಲ್ಲ.

ಹೊಸದನ್ನು ಕೊಂಡು ಕೊಟ್ಟುಬಿಡೋಣವೆಂದು ಅಳತೆ ನೋಡಲು ಬೋಗುಣಿಯನ್ನು ತಿರುವಿದೆ. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಕಂಡಿತು. ಕಸ್ತೂರಿಯ ತಾಯಿಯ ಹೆಸರು, ಕೆಳಗೆ ಊರು, 'ಬೆಲ್ಲದ ಬಾಗೇವಾಡಿ'. ತವರಿನ ಬೋಗುಣಿ! ಆ ತಾಯಿ ಈಗಿಲ್ಲ. ಯಾವ ಅಂಗಡಿಯಲ್ಲಿ ಸಿಕ್ಕೀತು?

ಮೂರು ದಿನ ನಾನು ಹೊರಗೆ ಬರಲಿಲ್ಲ. ಕಸ್ತೂರಿಯೂ ಬರಲಿಲ್ಲ. ಹೇಗೆ ಬಂದಾಳು? ಹೋದ ಪಾತ್ರೆ ಮರಳದೆ ಮುಂದಿನ ಪಲ್ಯ ಹೊರಡುವುದಿಲ್ಲ, ಬಾಯಿಬಿಟ್ಟು ಕೇಳಿದರೆ ಮರ್ಯಾದೆಯಲ್ಲ. ದಿನಾ ಐದಾಗುತ್ತಿತ್ತು. ಗೇಟಿನ ಚಿಲಕ ಸದ್ದು ಮಾಡುತ್ತಿರಲಿಲ್ಲ. ಐದೂವರೆಯಾಗುತ್ತಿತ್ತು. ನಾನು ಒಣ ಬ್ರೆಡ್ಡು ತಿಂದು ಕುಕರಿಗೂ ಗುಡ್‌ನೈಟ್ ಹೇಳಿ ಮಲಗುತ್ತಿದ್ದೆ.

ನಾಲ್ಕನೆಯ ದಿನ ಧೈರ್ಯ ಮಾಡಿದೆ. ಸುಟ್ಟ ಕಲೆಯನ್ನು ಮುಚ್ಚಲು ಕಲೆಯೇ ಗತಿ! ತಾಯಿಯ ಹೆಸರೊಂದನ್ನು ಬಿಟ್ಟು ಬೋಗುಣಿಯ ಒಳಗೂ ಹೊರಗೂ ಗೋಕಾಕ ಫಾಲ್ಸ್ ಬರೆದೆ. ಈ ಸಲ ನೀರು ಕೆಳಕ್ಕೇ ಬಿದ್ದಿತು. ಒಣಗಿದ ಮೇಲೆ ಕಾಗದ ಹಾಸಿ, ಕರದಂಟು ತುಂಬಿ, ಒಯ್ದು ಕೊಟ್ಟೆ.

"ಕಸ್ತೂರಿ, ಐ ಆಮ್ ವೆರಿ ಸಾರಿ. ನಿಮ್ಮವ್ವನ ಬೋಗುಣಿ ನಾ ಹಾಳ ಮಾಡೀನಿ."

ಆಕೆ ತಿರುವಿ ತಿರುವಿ ನೋಡಿದಳು. ಹೆಸರಿನ ಮೇಲೆ ಬೆರಳಾಡಿಸಿದಳು.

"ಅಯ್ಯ ಬಾಯಾರ! ಎಷ್ಟ ಚಂದ ಬಿಳಿ ಆಕಳಾ ತಗದೀರಿ!"

"ಅದು ಫಾಲ್ಸ್."

"ಹೌದ್ರಿ? ಇರ್ಲಿ ಬಿಡ್ರಿ. ಆಕಳಾ ಆಗಿದ್ರೂ ಚಂದನ ಐತಿ."

ಕೂಡಲೇ ಶೋಕೇಸಿನ ಗಾಜು ಸರಿಸಿ ಬೋಗುಣಿಯನ್ನು ನಡುವೆ ಇಟ್ಟಳು. "ಇನ್ನ ಇದರಾಗ ಪಲ್ಯಾ ಹಾಕೂದಿಲ್ರಿ. ಅವ್ವನ ನೆನಪಿಗೆ ಹಿಂಗ ಇರ್ಲಿ."

ಗೆದ್ದೆನೆಂದುಕೊಂಡು ಮನೆಗೆ ಬಂದೆ. ಏನು ಗೆದ್ದೆನೆಂಬುದು ಮರುದಿನ ಐದು ಗಂಟೆಗೆ ತಿಳಿಯಿತು. ಹೊಸ್ತಿಲಿಗೆ ಯಾರೂ ಬರಲಿಲ್ಲ. ಗೇಟಿಗೆ ಒಂದು ಚೀಲ ತೂಗುತ್ತಿತ್ತು. ಅದರಲ್ಲಿ ಶ್ರೀಖಂಡದ ಹಳೆಯ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯಲ್ಲಿ ಪಲ್ಯ.

"ನೀವು ಚಿತ್ರಾ ತಗ್ಯಾಕತ್ತಿರತೀರಿ, ನಡುವ ಮಾತಾಡ್ಸಬಾರದಂತ ಗೇಟಿಗೆ ಹಾಕೀನ್ರಿ!" ಗೋಡೆಯಾಚೆಯಿಂದ ದನಿ ಬಂತು. "ಡಬ್ಬಿ ತಿರುಗಿ ಕೊಡಬ್ಯಾಡ್ರಿ, ಒಗದ ಬಿಡ್ರಿ!"

ದೊಡ್ಡ ದೊಡ್ಡ ಕಲಾವಿದರು ಏಕಾಂತ ಹುಡುಕಿಕೊಂಡು ಬೆಟ್ಟಕ್ಕೆ ಹೋಗುತ್ತಾರಂತೆ. ನನಗದು ಗೇಟಿಗೇ ಬಂದು ತೂಗುಬಿದ್ದಿತ್ತು! ಇಪ್ಪತ್ತು ನಿಮಿಷಗಳನ್ನು ಕೊಟ್ಟು ಒಂದು ಶೋಪೀಸ್ ಸಂಪಾದಿಸಿದ್ದೆ.

ದಿನಾ ಬಂದ ಡಬ್ಬಿಗಳನ್ನು ನಾನು ಎಸೆಯಲಿಲ್ಲ. ತೊಳೆದು, ಒರೆಸಿ, ಒಂದರ ಮೇಲೊಂದು ಇಟ್ಟೆ. ನಿನ್ನೆಗೆ ಆರಾದವು. ಡಬ್ಬಿಗೆ ಹತ್ತು ನಿಮಿಷದಂತೆ ಒಂದು ತಾಸಿನ ಮಾತು ಬಾಕಿ! ಇವತ್ತು ಪ್ರತಿಯೊಂದರಲ್ಲೂ ಒಂದೊಂದು ಹಿಡಿ ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ಆರನ್ನೂ ಎದೆಗವಚಿಕೊಂಡು ಕಸ್ತೂರಿಯ ಬಾಗಿಲು ತಟ್ಟಿದೆ.

"ಒಗೀರಿ ಅಂದಿದ್ನೆಲ್ರಿ ಬಾಯಾರ!"

"ಡಬ್ಬಿ ಆದ್ರೂ ತಿರುಗಿ ಕೊಡಬೇಕವಾ."

ಕಸ್ತೂರಿ ನನ್ನ ಮುಖ ನೋಡಿದಳು. ಒಂದೊಂದೇ ಡಬ್ಬಿ ಇಸಿದುಕೊಂಡು ಹಿಂದೆ, ಮುಂದೆ, ತಳ ಎಲ್ಲ ಪರೀಕ್ಷಿಸಿದಳು.

"ಯಾವುದರ ಮ್ಯಾಲೂ ಆಕಳಾ ತಗದಿಲ್ಲಲ್ರಿ?"

"ಇಲ್ಲ."

"ಹಂಗಾರ ಒಳಗ ಬರ್ರಿ."