ಆರೋಗ್ಯ ವಿಚಾರಿಸಿದ ಸಲ್ಮಾ ಅವರಿಗೆ

ಮಾನ್ಯರಾದ ಸಲ್ಮಾ ಅವರೇ,

ಸ್ಫಾಕ್ಸ್ ಪಟ್ಟಣದ ನಿವೃತ್ತ ಭೂಗೋಳ ಮೇಷ್ಟ್ರು ಶಾದ್ಲಿ ಕಮ್ಮೂನ್ ಆದ ನಾನು, ತಮಗೂ, ತಮ್ಮನ್ನು ಹೆತ್ತ ಕಂಪ್ಯೂಟರಿಗೂ, ತಮ್ಮ ಪ್ರಯಾಣ ವಿಮಾ ಕಂಪನಿಯ ಸಮಸ್ತ ಆಡಳಿತ ವರ್ಗಕ್ಕೂ ಶುಭವನ್ನು ಕೋರಿ ಈ ಪತ್ರದ ಮೂಲಕ ಮಾಡಿಕೊಳ್ಳುವ ಅರಿಕೆ. ತಾವು ಮನುಷ್ಯರಲ್ಲ, ಕಂಪನಿಯ ಜಾಲತಾಣದ ಮೂಲೆಯಲ್ಲಿ ನಗುಮುಖ ಹೊತ್ತು ಪ್ರಶ್ನೆ ಕೇಳುವ ಯಂತ್ರ ಎಂಬುದು ನನಗೆ ಗೊತ್ತು. ನನ್ನ ಅಕ್ಕ ಝಕಿಯಾ ಮಾತ್ರ ಎಷ್ಟು ಹೇಳಿದರೂ ಇದನ್ನು ಒಪ್ಪಿಲ್ಲ. ಹೆಸರಿದೆ, ಮುಖವಿದೆ, ಯೋಗಕ್ಷೇಮ ಕೇಳುತ್ತಾಳೆ, ಯಾರ ಮನೆ ಮಗಳೋ ಪಾಪ, ಹೊತ್ತುಗೊತ್ತಿಲ್ಲದೆ ದುಡಿಸಿಕೊಳ್ಳುತ್ತಿದ್ದಾರೆ ಎಂಬುದು ಆಕೆಯ ಮರುಕ.

ನಮ್ಮ ಅಣ್ಣ ಹಮ್ಮಾದಿ ಸಿಸಿಲಿಯ ಮಝಾರಾದಲ್ಲಿ ಮೀನು ಹಿಡಿದುಕೊಂಡು ಮುದುಕನಾದವನು. ನಾವು ಅವನ ಮುಖ ನೋಡಿ ಹತ್ತೊಂಬತ್ತು ವರ್ಷವಾಯಿತು. ಹೋದ ವರ್ಷ ಸೊಂಟ ಮುರಿದುಕೊಂಡ ಮೇಲೆ ಅವನು ಹಡಗು ಹತ್ತುವ ಮಾತೇ ಇಲ್ಲ. ಎಪ್ಪತ್ತನಾಲ್ಕರ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅವನು ಬರೋಕಾಗಲ್ಲ ಅಂದ್ರೆ ನಾವೇ ಹೋಗೋಣ ಕಣೋ. ಮುಖ ನೋಡೋಕೆ ಇನ್ನೆಷ್ಟು ವರ್ಷ ಕಾಯ್ತೀಯಾ?" ಎಂದಳು. ಅಷ್ಟು ದೂರ ಹೋಗಿ ಮಾರ್ಸೇಯಲ್ಲಿರುವ ಸೋದರ ಸೊಸೆ ರೀಮ್‌ಳ ಮನೆಗೆ ಹೋಗದಿದ್ದರೆ ಅವಳು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅಲ್ಲಿಂದ ಹಡಗು ಹತ್ತಿ ಸಮುದ್ರದ ಈಚೆ ನಮ್ಮ ದಡದಲ್ಲೇ ಇರುವ ಅನ್ನಾಬಾಕ್ಕೆ ಹೋಗಿ, ಒಡಹುಟ್ಟದಿದ್ದರೂ ಅಕ್ಕನ ಜೊತೆ ಒಂದೇ ಎದೆಹಾಲು ಕುಡಿದು ಬೆಳೆದ ವರ್ದಿಯಾಳನ್ನು ಕಾಣದಿದ್ದರೆ ಅಕ್ಕ ನನ್ನನ್ನೇ ಕ್ಷಮಿಸುವುದಿಲ್ಲ. ಹೀಗೆ ಮೂರು ದೇಶ, ಎರಡು ಹಡಗು, ಐವತ್ತು ದಿನ. ಗುರುವಾರ ವೀಸಾ ಕಚೇರಿಯಲ್ಲಿ ನಮ್ಮ ಸರದಿ. ವಿಮೆಯ ಕಾಗದವಿಲ್ಲದೆ ಅವರು ಕಡತವನ್ನು ಮುಟ್ಟುವುದೂ ಇಲ್ಲ.

ತಾವು ನಮ್ಮ ಮುಂದಿಟ್ಟ ಮೂರು ವಿಮೆಗಳ ಸೊಬಗನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. 'ಮಲ್ಲಿಗೆ' ವಿಮೆಯಲ್ಲಿ ವರ್ಷಕ್ಕೆ ಎಷ್ಟು ಪ್ರಯಾಣ ಬೇಕಾದರೂ ಮಾಡಬಹುದು, ಆದರೆ ಪ್ರತಿಯೊಂದೂ ಮನೆಯಿಂದ ಹೊರಟು ಮನೆಯಲ್ಲೇ ಮುಗಿಯಬೇಕು. ಅಂದರೆ ಅಕ್ಕ ಹಮ್ಮಾದಿಯನ್ನು ತಬ್ಬಿಕೊಂಡು ಅತ್ತು, ಕಣ್ಣೊರೆಸಿಕೊಂಡು ಸ್ಫಾಕ್ಸಿಗೆ ಬಂದು, ಬಾಗಿಲು ಮುಟ್ಟಿ, ಮತ್ತೆ ಮಾರ್ಸೇಗೆ ಹೊರಡಬೇಕು. 'ಆಲಿವ್' ವಿಮೆ ಯುರೋಪಿನ ನೆಲವನ್ನೆಲ್ಲ ಕಾಪಾಡುತ್ತದೆ, ಮಾರ್ಸೇ ಬಂದರಿನ ಕಟ್ಟೆಯ ತುದಿಗೆ ಬಂದು ಕೈಬೀಸಿ ನಿಂತುಬಿಡುತ್ತದೆ. ಅಲ್ಲಿಂದಾಚೆಯ ನೀರು ಯಾರ ಪಾಲಿಗೂ ಸೇರಿಲ್ಲವಂತೆ. ಮೂವತ್ತೊಂದು ವರ್ಷ ಮಕ್ಕಳಿಂದ ಮೆಡಿಟರೇನಿಯನ್ ಸಮುದ್ರದ ನಕ್ಷೆ ಬರೆಸಿದ ನನಗೇ ಈ ಸಂಗತಿ ತಿಳಿದಿರಲಿಲ್ಲ. ಹಡಗಿನಲ್ಲಿರುವಷ್ಟು ಹೊತ್ತು ಕಾಯಿಲೆ ಬೀಳಕೂಡದು ಎಂದು ಅಕ್ಕನಿಗೆ ಹೇಳಿ ನೋಡಿದೆ. "ಅಷ್ಟೊತ್ತೂ ವಾಂತಿ ಮಾಡೋದೇ ಆಗುತ್ತೆ, ಕಾಯಿಲೆ ಬೀಳೋಕೆ ಪುರುಸೊತ್ತೆಲ್ಲಿ?" ಎಂದಳು. ಕೊನೆಗೆ ನೆಲ, ನೀರು ಎರಡನ್ನೂ ಕಾಯುವ 'ಖರ್ಜೂರ' ವಿಮೆಯನ್ನೇ ಆರಿಸಿಕೊಂಡೆವು.

ಎಡವಟ್ಟಾದದ್ದು ಇಲ್ಲಿಂದ ಮುಂದೆ. ತಾವು ಅತ್ಯಂತ ಸೌಜನ್ಯದಿಂದ, "ನಮಸ್ಕಾರ ಝಕಿಯಾ ಅವರೇ, ತಮ್ಮ ಆರೋಗ್ಯ ಹೇಗಿದೆ?" ಎಂದು ಕೇಳಿದಿರಿ. ಸಲ್ಮಾ ಅವರೇ, ನಮ್ಮೂರಿನಲ್ಲಿ ಇದು ಪ್ರಶ್ನೆಯಲ್ಲ, ನಮಸ್ಕಾರದ ಬಾಲ. ಕೈಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದವರನ್ನು ಕೇಳಿದರೂ "ಚೆನ್ನಾಗಿದೀನಿ, ದೇವರ ದಯೆ, ನಿಮ್ಮನೇಲಿ ಹೇಗಿದಾರೆ?" ಎಂದೇ ಉತ್ತರ ಬರುತ್ತದೆ. ಕ್ಷೇಮ ಕೇಳಿದವರ ಮೇಲೆ ನಮ್ಮ ನೋವು ಸುರಿಯುವುದು ಮರ್ಯಾದೆಯಲ್ಲ. ಅಕ್ಕ ಹಾಗೆಯೇ ಹೇಳಿ, ತಮಗೂ ಒಬ್ಬ ತಾಯಿ ಇರಲೇಬೇಕೆಂದು ಆಕೆಯ ಮಂಡಿನೋವನ್ನೂ ವಿಚಾರಿಸಿದಳು. ತಾವು "ಅರ್ಜಿದಾರರು ಪೂರ್ಣ ಆರೋಗ್ಯವಂತರು" ಎಂದು ಬರೆದುಕೊಂಡಿರಿ.

ಆಮೇಲೆ ಸಾಮಾನಿನ ಪಟ್ಟಿ ಕೇಳಿದಿರಿ. ಅದು ನಮಸ್ಕಾರವಲ್ಲವಾದ್ದರಿಂದ ಅಕ್ಕ ಒಂದನ್ನೂ ಬಿಡದೆ ಬರೆಸಿದಳು: ಆಲಿವ್ ಎಣ್ಣೆಯ ಎರಡು ಡಬ್ಬಿ, ಹಮ್ಮಾದಿಗೆಂದು ಒಣಗಿಸಿದ ಆಕ್ಟೋಪಸ್, ರೀಮ್‌ಗೆ ಹುರಿಹಿಟ್ಟು, ವರ್ದಿಯಾಳಿಗೆ ಶಾಲು, ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಎದೆನೋವು ಬಂದರೆ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ. ತಾವು ಒಂದು ಕ್ಷಣ ಯೋಚಿಸಿ, ಮಾಹಿತಿ ಮರೆಮಾಚಿದ ಶಂಕೆಯಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂದು ಕೆಂಪಕ್ಷರದಲ್ಲಿ ತಿಳಿಸಿ, ಕೆಳಗೆ ಅದೇ ನಗುಮುಖ ತೋರಿಸಿದಿರಿ. ಅಕ್ಕನ ಮುಖ ಸಣ್ಣದಾಯಿತು. "ನಾನೇನು ಕಳ್ಳಿನೇನೋ? ಆ ಹುಡುಗಿ ಕ್ಷೇಮ ಕೇಳಿದ್ಲು, ನಾನು ಕ್ಷೇಮ ಹೇಳ್ದೆ" ಎಂದಳು.

ತಮ್ಮನ್ನು ಬಯ್ಯಲೆಂದು ಕೂತವನು ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಆ ಎದೆನೋವಿನ ಮಾತ್ರೆಯ ವಿಷಯ ನನಗೆ ಗೊತ್ತಾದದ್ದೇ ಅವತ್ತು. ಅಕ್ಕನ ಮನೆಗೆ ದಿನವೂ ಸಂಜೆ ಹೋಗುತ್ತೇನೆ, ಆರೋಗ್ಯ ಹೇಗಿದೆ ಎಂದು ಕೇಳುತ್ತೇನೆ, ಚೆನ್ನಾಗಿದೆ ಎನ್ನುತ್ತಾಳೆ, ಚಹಾ ಕುಡಿದು ಬರುತ್ತೇನೆ. ತಮ್ಮ ಕೆಂಪಕ್ಷರ ಓದಿ ನನಗೆ ನಾಚಿಕೆಯಾಯಿತು.

ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ: ತಾವು ಈ ಶುಕ್ರವಾರ ನಮ್ಮ ಮನೆಗೆ ಮೀನಿನ ಕೂಸ್‌ಕೂಸ್ ಊಟಕ್ಕೆ ದಯಮಾಡಿಸಬೇಕು. ಬಾಯಿ ಇಲ್ಲವೆಂಬ ಅಡಚಣೆಯಿದ್ದರೆ ಆ ಪ್ರಶ್ನೆಗಳನ್ನು ಬರೆದ ಪುಣ್ಯಾತ್ಮರನ್ನಾದರೂ ಕಳಿಸಬೇಕು. ನಮ್ಮವರ "ಚೆನ್ನಾಗಿದೀನಿ" ಎಂಬ ಮಾತಿನಲ್ಲಿ ಎಷ್ಟು ಬಗೆಯಿದೆ ಎಂಬುದನ್ನು ಅಕ್ಕ ಅವರಿಗೆ ಊಟದ ನಡುವೆ ಕಲಿಸಿಕೊಡುತ್ತಾಳೆ. ಅಷ್ಟರೊಳಗೆ, ಮಾರ್ಸೇಗೂ ಅನ್ನಾಬಾಕ್ಕೂ ನಡುವೆ ತಮ್ಮ 'ಆಲಿವ್' ಕೈಬಿಟ್ಟ ಅನಾಥ ನೀರನ್ನು ದಯವಿಟ್ಟು ಯಾರಾದರೂ ದತ್ತು ತೆಗೆದುಕೊಳ್ಳಬೇಕು.

ತಮ್ಮ ಆರೋಗ್ಯವನ್ನು ವಿಚಾರಿಸಲು ಇನ್ನು ಹೆದರುವ, ಆದರೂ ತಮ್ಮ ವಿಶ್ವಾಸಿ,
ಶಾದ್ಲಿ ಕಮ್ಮೂನ್

ಮರೆತ ಮಾತು: ಪತ್ರ ಕಳಿಸುವ ಮುನ್ನ, ಬುಧವಾರ ಬೆಳಿಗ್ಗೆ, ಕೋಟೆ ಬಾಗಿಲ ಬಳಿ ಜೆರಾಕ್ಸ್ ಅಂಗಡಿಯಲ್ಲೇ ವಿಮೆಯನ್ನೂ ಮಾರುವ ನೂರಿಯ ಹತ್ತಿರ ಹೋಗಿದ್ದೆವು. ಅವನು ಆರೋಗ್ಯ ಕೇಳಲೇ ಇಲ್ಲ. "ದೊಡ್ಡಮ್ಮ, ಬ್ಯಾಗಲ್ಲಿರೋ ಮಾತ್ರೆ ಎಲ್ಲ ಈ ಮೇಜಿನ ಮೇಲೆ ಸುರೀರಿ" ಎಂದ. ಅಕ್ಕ ಮದುವೆಯ ಒಡವೆ ತೋರಿಸುವಷ್ಟು ಸಡಗರದಿಂದ ಸುರಿದಳು. ನೆಲ, ನೀರು ಎಲ್ಲಕ್ಕೂ ಸೇರಿಸಿ ಅರ್ಧ ಗಂಟೆಯಲ್ಲಿ ಕಾಗದ ಕೈಗೆ ಬಂತು. ಏಳುವಾಗ ಅಕ್ಕ ನನ್ನತ್ತ ಬೆರಳು ತೋರಿಸಿ, "ಹಾಗೇ ಇವನ ಕೋಟಿನ ಒಳಜೇಬೂ ನೋಡಪ್ಪ. ಮೂರು ವರ್ಷದಿಂದ ಗೋಡೆ ಕಡೆ ತಿರುಗಿ ಅದೇನೋ ನುಂಗ್ತಾನೆ" ಎಂದಳು. ನನ್ನ ಕಾಗದವನ್ನೂ ನೂರಿಯೇ ಹೊಸದಾಗಿ ಬರೆದುಕೊಟ್ಟ. ಆದಕಾರಣ, ಕಳೆದ ಶನಿವಾರ ತಾವು ಒಂದೇ ಒಂದು ಪ್ರಶ್ನೆ ಕೇಳಿ, ಅಭಿನಂದನೆ ಸಮೇತ ಮಂಜೂರು ಮಾಡಿದ ಪೂರ್ಣ ಆರೋಗ್ಯವಂತ ಶಾದ್ಲಿ ಕಮ್ಮೂನ್ ಎಂಬುವರ ಅರ್ಜಿಯನ್ನು ದಯವಿಟ್ಟು ರದ್ದುಗೊಳಿಸಬೇಕು. ಅವರೂ ಕ್ಷೇಮವನ್ನೇ ಹೇಳಿದ್ದರು.